ಆಂಡ್ರಾಯ್ಡ್ ಪಟ್ಟಿಯಲ್ಲಿ ಒತ್ತಿ ಹಿಡಿದು ಆರಿಸುವುದು: ಆಯ್ಕೆಯ ನೆನಪು ಎಲ್ಲಿರಬೇಕು?

ಖರ್ಚಿನ ಲೆಕ್ಕ ಬರೆದಿಡುವ ಒಂದು ಚಿಕ್ಕ ಆ್ಯಪ್ ಇದೆ ಎಂದುಕೊಳ್ಳಿ. ಪಟ್ಟಿಯಲ್ಲಿ 40 ಖರ್ಚುಗಳಿವೆ, ಪರದೆಯಲ್ಲಿ ಒಮ್ಮೆಗೆ ಕಾಣುವುದು 9. ಮೂರನೆಯ ಸಾಲನ್ನು ಒತ್ತಿ ಹಿಡಿದರೆ ಅದರ ಹಿನ್ನೆಲೆ ನೀಲಿಯಾಗುತ್ತದೆ. ಪಟ್ಟಿಯನ್ನು ಮೇಲಕ್ಕೆ ಸರಿಸಿ ನೋಡಿದರೆ ಹದಿನಾಲ್ಕನೆಯ ಸಾಲೂ ನೀಲಿ! ಅದನ್ನು ಯಾರೂ ಮುಟ್ಟಿಯೇ ಇಲ್ಲ. ಆಂಡ್ರಾಯ್ಡ್‌ನಲ್ಲಿ ಉದ್ದ ಪಟ್ಟಿಗಳನ್ನು ತೋರಿಸುವ ರಿಸೈಕ್ಲರ್‌ವ್ಯೂ ಕಲಿಯುವವರು ಒಂದಲ್ಲ ಒಂದು ದಿನ ನೋಡುವ ದೋಷ ಇದು, ಕಾರಣ ಅದರ ಹೆಸರಿನಲ್ಲೇ ಇದೆ. ಪರದೆಯಾಚೆ ಹೋದ ಸಾಲಿನ ವ್ಯೂಗೆ (ಸಾಲನ್ನು ತೋರಿಸುವ ಚೌಕಟ್ಟಿಗೆ) ಹೊಸ ದತ್ತಾಂಶ ತುಂಬಿ ಮತ್ತೆ ಕೆಳಗಡೆ ಬಳಸಲಾಗುತ್ತದೆ. ಬಣ್ಣವನ್ನು ವ್ಯೂಗೆ ಬಳಿದುಬಿಟ್ಟಿದ್ದರೆ ಅದೂ ಜೊತೆಗೇ ಬರುತ್ತದೆ.

ಹಾಗಾದರೆ ಸಾಲಿನ ಸಂಖ್ಯೆಯನ್ನು ನೆನಪಿಟ್ಟರೆ? ಅದೂ ನಿಲ್ಲುವುದಿಲ್ಲ. ಮೇಲಿನ ಒಂದು ಖರ್ಚು ಅಳಿಸಿದರೆ ಕೆಳಗಿನ ಎಲ್ಲದರ ಸಂಖ್ಯೆ ಒಂದೊಂದು ಕಡಿಮೆಯಾಗುತ್ತದೆ. ದಿನಾಂಕದ ಬದಲು ಮೊತ್ತದ ಪ್ರಕಾರ ಜೋಡಿಸಿದರೆ ಎಲ್ಲವೂ ಅದಲುಬದಲು. ಬಳಕೆದಾರರು ಹಾಲಿನ ಖರ್ಚು ಆರಿಸಿದ್ದರೂ ಅಳಿದುಹೋಗುವುದು ಮನೆ ಬಾಡಿಗೆ. ಡೇಟಾಬೇಸಿನಲ್ಲಿ ಪ್ರತಿ ಖರ್ಚಿಗೂ ಇರುವ ಬದಲಾಗದ ಐಡಿ ಮಾತ್ರ ನಂಬಲು ಯೋಗ್ಯ. ಆರಿಸಿದ ಐಡಿಗಳ ಒಂದು ಸೆಟ್ ಅನ್ನು ವ್ಯೂಮಾಡೆಲ್‌ನಲ್ಲಿ (ಪರದೆ ಹೊಸದಾಗಿ ಹುಟ್ಟಿದರೂ ದತ್ತಾಂಶ ಉಳಿಸುವ ಭಾಗದಲ್ಲಿ) ಇಡಿ. ಅಡಾಪ್ಟರ್ (ದತ್ತಾಂಶವನ್ನು ಸಾಲುಗಳಿಗೆ ಹಾಕುವ ಭಾಗ) ಸಾಲು ತುಂಬುವಾಗ ಪ್ರತಿ ಸಲವೂ ಐಡಿ ಸೆಟ್‌ನಲ್ಲಿದೆಯೇ ಎಂದು ಕೇಳಿ ವ್ಯೂನ ಆ್ಯಕ್ಟಿವೇಟೆಡ್ (ಆಯ್ಕೆಯಾಗಿದೆ ಎಂಬ) ಸ್ಥಿತಿಯನ್ನು ಹೊಂದಿಸಲಿ. ಇಲ್ಲದಿದ್ದಾಗ ‘ಇಲ್ಲ’ ಎಂದು ಹೊಂದಿಸುವುದನ್ನೂ ಮರೆಯಬಾರದು. ಹೆಚ್ಚಿನವರು ತಪ್ಪುವುದು ಇಲ್ಲೇ, ‘ಹೌದು’ ಆದಾಗ ಮಾತ್ರ ಬಣ್ಣ ಹಚ್ಚಿ ಸುಮ್ಮನಾಗುತ್ತಾರೆ. ಹಿನ್ನೆಲೆಗೆ ಸೆಲೆಕ್ಟರ್ ಡ್ರಾಯಬಲ್ (ಸ್ಥಿತಿಗೆ ತಕ್ಕ ಬಣ್ಣ ಬರೆದಿಡುವ ಕಡತ) ಕೊಟ್ಟು ಅದರಲ್ಲಿ ಆ್ಯಕ್ಟಿವೇಟೆಡ್ ಸ್ಥಿತಿಗೊಂದು ಬಣ್ಣ ಬರೆದಿಟ್ಟರೆ ಕೋಡ್‌ನಲ್ಲಿ ಬಣ್ಣದ ಮಾತೇ ಬರುವುದಿಲ್ಲ.

ಇನ್ನು ಒತ್ತಿ ಹಿಡಿಯುವ ಕ್ರಿಯೆ. ಲಾಂಗ್ ಕ್ಲಿಕ್ ಲಿಸನರ್ (ಒತ್ತಿ ಹಿಡಿದಾಗ ಓಡುವ ಕೋಡ್) ಒಂದು ಬೂಲಿಯನ್, ಅಂದರೆ ಟ್ರೂ ಅಥವಾ ಫಾಲ್ಸ್, ಹಿಂದಿರುಗಿಸಬೇಕು. ಟ್ರೂ ಎಂದರೆ ‘ಈ ಸ್ಪರ್ಶವನ್ನು ನಾನು ಮುಗಿಸಿದೆ’ ಎಂದರ್ಥ. ಫಾಲ್ಸ್ ಕೊಟ್ಟರೆ ಬೆರಳೆತ್ತಿದ ಕೂಡಲೇ ಸಾಮಾನ್ಯ ಕ್ಲಿಕ್ ಕೂಡ ನಡೆಯುತ್ತದೆ. ಒತ್ತಿ ಹಿಡಿದಾಗ ಸೇರಿಸಿದ ಐಡಿಯನ್ನು ಆ ಕ್ಲಿಕ್ ತಕ್ಷಣ ತೆಗೆದುಹಾಕುವುದರಿಂದ ‘ಆಯ್ಕೆ ಮಿಂಚಿ ಮಾಯವಾಗುತ್ತಿದೆ’ ಎಂದು ತಲೆಕೆಡಿಸಿಕೊಳ್ಳಬೇಕಾಗುತ್ತದೆ. ಕೈಗೆ ಸಣ್ಣ ಕಂಪನ ಬಾರದಿದ್ದರೂ ಮೊದಲು ಇದನ್ನೇ ನೋಡಿ. ಟ್ರೂ ಬಂದಾಗ ಮಾತ್ರ ವ್ಯವಸ್ಥೆ ಕಂಪಿಸುತ್ತದೆ.

ಎಷ್ಟು ಹೊತ್ತು ಒತ್ತಬೇಕು ಎಂಬುದನ್ನು ನಾವು ಟೈಮರ್ ಇಟ್ಟು ನಿರ್ಧರಿಸಬಾರದು. ಹಳೆಯ ಆವೃತ್ತಿಗಳಲ್ಲಿ 500 ಮಿಲಿಸೆಕೆಂಡ್ ಇತ್ತು, ಈಚಿನವುಗಳಲ್ಲಿ 400. ಅದರ ಮೇಲೆ, ಬೆರಳು ನಡುಗುವವರು ಆ್ಯಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಈ ಅವಧಿಯನ್ನು ಹೆಚ್ಚಿಸಿಕೊಂಡಿರಬಹುದು. ನಮ್ಮ ಟೈಮರ್ ಅವರ ಆ ಆಯ್ಕೆಯನ್ನು ಗಾಳಿಗೆ ತೂರುತ್ತದೆ.

ಕ್ಲಿಕ್ ಮತ್ತು ಲಾಂಗ್ ಕ್ಲಿಕ್ ಎರಡೂ ಲಿಸನರ್‌ಗಳನ್ನು ವ್ಯೂಹೋಲ್ಡರ್ (ಒಂದು ಸಾಲಿನ ವ್ಯೂ ಹಿಡಿದಿಡುವ ವಸ್ತು) ಹುಟ್ಟುವಾಗ ಒಮ್ಮೆ ಕಟ್ಟಿದರೆ ಸಾಕು. ಒಳಗೆ ಬೈಂಡಿಂಗ್ ಅಡಾಪ್ಟರ್ ಪೊಸಿಷನ್ (ಸಾಲಿನ ಈಗಿನ ಸ್ಥಾನ) ಕೇಳಿ, ಅದು -1 ಆಗಿದ್ದರೆ ಏನೂ ಮಾಡದೆ ಹಿಂದಿರುಗಿ. ಸಾಲು ಅಳಿದುಹೋಗುವ ಅನಿಮೇಷನ್ ನಡೆಯುತ್ತಿರುವಾಗ ಯಾರಾದರೂ ತಟ್ಟಿದರೆ ಈ -1 ಬರುತ್ತದೆ, ಪರೀಕ್ಷಿಸದಿದ್ದರೆ ಆ್ಯಪ್ ಬೀಳುತ್ತದೆ. ಒತ್ತಿ ಹಿಡಿದಾಗ ಐಡಿ ಸೆಟ್‌ಗೆ ಸೇರುತ್ತದೆ, ಆ್ಯಕ್ಷನ್ ಮೋಡ್ (‘ಅಳಿಸು’ ಮೊದಲಾದ ಗುಂಡಿಗಳಿರುವ ಮೇಲಿನ ಪಟ್ಟಿ) ತೆರೆಯುತ್ತದೆ. ಸುಮ್ಮನೆ ತಟ್ಟಿದಾಗ ಸೆಟ್ ಖಾಲಿಯಿದ್ದರೆ ವಿವರದ ಪುಟಕ್ಕೆ ಹೋಗಬೇಕು, ಖಾಲಿಯಿಲ್ಲದಿದ್ದರೆ ಆ ಐಡಿಯನ್ನು ಸೇರಿಸಬೇಕು ಅಥವಾ ತೆಗೆಯಬೇಕು. ಕೊನೆಯದನ್ನೂ ತೆಗೆದರೆ ಮೋಡ್ ಮುಚ್ಚಬೇಕು.

ಆ್ಯಕ್ಷನ್ ಮೋಡ್‌ನಲ್ಲಿ ಒಂದು ಹೊಂಡ ಇದೆ. ಮೋಡ್ ಮುಗಿಯುವಾಗ ಕರೆಯಲಾಗುವ ಡಿಸ್ಟ್ರಾಯ್ ಕಾಲ್‌ಬ್ಯಾಕ್‌ನಲ್ಲಿ ನಾವು ಸೆಟ್ ಖಾಲಿ ಮಾಡುತ್ತೇವೆ, ಅದು ಸರಿಯೇ. ಆದರೆ ‘ಅಳಿಸು’ ಒತ್ತಿದಾಗ ಅದೇ ಸೆಟ್ ಅನ್ನು ಹಿನ್ನೆಲೆಯಲ್ಲಿ ಬೇರೆಯಾಗಿ ಓಡುವ ಕೊರೂಟೀನ್‌ಗೆ ಕೊಟ್ಟು ಮುಂದಿನ ಸಾಲಿನಲ್ಲೇ ಮೋಡ್ ಮುಗಿಸಿದರೆ, ಡೇಟಾಬೇಸ್ ಕೆಲಸ ಶುರುವಾಗುವಷ್ಟರಲ್ಲಿ ಸೆಟ್ ಬರಿದಾಗಿರುತ್ತದೆ. ಒಂದೂ ಅಳಿಯುವುದಿಲ್ಲ, ದೋಷದ ಸಂದೇಶವೂ ಬರುವುದಿಲ್ಲ. ಮೊದಲು ಐಡಿಗಳನ್ನು ಬೇರೊಂದು ಪಟ್ಟಿಗೆ ನಕಲು ಮಾಡಿ, ಆಮೇಲೆ ಮೋಡ್ ಮುಗಿಸಿ. ಫೋನ್ ತಿರುಗಿಸಿದರೂ ಇಂಥದ್ದೇ ತೊಂದರೆ: ಐಡಿಗಳು ವ್ಯೂಮಾಡೆಲ್‌ನಲ್ಲಿ ಉಳಿದರೂ ಮೋಡ್ ತಾನಾಗಿ ಮರಳುವುದಿಲ್ಲ. ಆ್ಯಕ್ಟಿವಿಟಿ (ಆ್ಯಪ್‌ನ ಪರದೆ) ಹೊಸದಾಗಿ ಹುಟ್ಟುವಾಗ ಸೆಟ್ ಖಾಲಿಯಿಲ್ಲದಿದ್ದರೆ ಮೋಡನ್ನು ನಾವೇ ಮತ್ತೆ ತೆರೆಯಬೇಕು.

ಹಳೆಯ, ಹೊಸ ಪಟ್ಟಿಗಳನ್ನು ಹೋಲಿಸಿ ಬದಲಾದ ಸಾಲುಗಳನ್ನಷ್ಟೇ ಹೊಸದು ಮಾಡುವ ಲಿಸ್ಟ್‌ಅಡಾಪ್ಟರ್ ಮತ್ತು ಡಿಫ್‌ಯುಟಿಲ್ ಬಳಸುವವರಿಗೆ ಇನ್ನೊಂದು ಮಾತು. ಆಯ್ಕೆಯನ್ನು ಖರ್ಚಿನ ವಸ್ತುವಿನಲ್ಲೇ ಒಂದು ಫೀಲ್ಡ್ ಆಗಿ ಇಟ್ಟು ಅದನ್ನು ನೇರವಾಗಿ ಬದಲಿಸಿದರೆ, ಹಳೆಯ ಪಟ್ಟಿಯಲ್ಲಿರುವುದೂ ಹೊಸ ಪಟ್ಟಿಯಲ್ಲಿರುವುದೂ ಒಂದೇ ವಸ್ತು. ಹೋಲಿಸಿದಾಗ ವ್ಯತ್ಯಾಸವೇ ಸಿಗದು, ಪರದೆ ಬದಲಾಗದು. ನಕಲು ಮಾಡಿ ಬದಲಿಸಿದ ಹೊಸ ವಸ್ತುವನ್ನು ಕೊಡಬೇಕು. ಪರದೆ ಬದಲಾಗುತ್ತದೆ, ಆದರೆ ಪ್ರತಿ ಆಯ್ಕೆಗೂ ಸಾಲು ಮಿನುಗುತ್ತದೆ ಎಂದರೆ ಅದು ಬದಲಾವಣೆಯ ಅನಿಮೇಷನ್. ಪೇಲೋಡ್ (ಏನು ಬದಲಾಯಿತು ಎಂಬ ಚಿಕ್ಕ ಸುಳಿವು) ಕಳುಹಿಸಿ ಹಿನ್ನೆಲೆಯನ್ನಷ್ಟೇ ಹೊಸದು ಮಾಡಿದರೆ ನಿಲ್ಲುತ್ತದೆ.

ಇಷ್ಟನ್ನೆಲ್ಲ ಕೈಯಾರೆ ಬರೆಯುವ ಬದಲು ರಿಸೈಕ್ಲರ್‌ವ್ಯೂ ಸೆಲೆಕ್ಷನ್ ಲೈಬ್ರರಿ ಬಳಸಬಹುದು. ಅದರ ಸೆಲೆಕ್ಷನ್ ಟ್ರ್ಯಾಕರ್ ಕೂಡ ನಂಬುವುದು ಕೀಗಳನ್ನೇ, ಅಂದರೆ ಬದಲಾಗದ ಗುರುತುಗಳನ್ನೇ. ಟ್ರ್ಯಾಕರ್ ಕಟ್ಟುವ ಮೊದಲು ರಿಸೈಕ್ಲರ್‌ವ್ಯೂಗೆ ಅಡಾಪ್ಟರ್ ಸೇರಿಸಿರಬೇಕು, ಕ್ರಮ ತಪ್ಪಿದರೆ ಎಕ್ಸೆಪ್ಷನ್. ಲೈಬ್ರರಿಯಲ್ಲೇ ಇರುವ, ಕೀ ಒದಗಿಸುವ ಸ್ಟೇಬಲ್ ಐಡಿ ಕೀ ಪ್ರೊವೈಡರ್ ಪರದೆಗೆ ಬಂದ ಸಾಲುಗಳನ್ನಷ್ಟೇ ಬಲ್ಲದು. ಆದ್ದರಿಂದ ‘ಎಲ್ಲ ಆರಿಸು’ ಗುಂಡಿ ಬೇಕಿದ್ದರೆ ಪೂರ್ತಿ ಪಟ್ಟಿಯಿಂದ ಕೀ ಕೊಡುವ ಪ್ರೊವೈಡರನ್ನು ನೀವೇ ಬರೆಯುವುದು ಮೇಲು. ಮೊದಲ ಸಲ ಕೈಯಾರೆ ಬರೆದು, ಎರಡನೆಯ ಸಲ ಲೈಬ್ರರಿಗೆ ಹೋಗುವುದು ಕಲಿಯುವವರಿಗೆ ಒಳ್ಳೆಯದು. ಆಗ ಅದು ಯಾವ ಸಮಸ್ಯೆಗೆ ಏನು ಮಾಡುತ್ತಿದೆ ಎಂಬುದು ಕಾಣುತ್ತದೆ.

ಸಾಲುಗಳನ್ನು ಎಳೆದು ಜೋಡಿಸಲು ಐಟಂ ಟಚ್ ಹೆಲ್ಪರ್ ಇದ್ದರೆ ಅದರ ‘ಒತ್ತಿ ಹಿಡಿದರೆ ಎಳೆತ’ ಎಂಬ ಗುಣ ಮೊದಲೇ ಟ್ರೂ ಆಗಿರುತ್ತದೆ. ಎಳೆತವೂ ಆಯ್ಕೆಯೂ ಒಂದೇ ಸ್ಪರ್ಶಕ್ಕೆ ಕಿತ್ತಾಡುತ್ತವೆ. ಅದನ್ನು ಫಾಲ್ಸ್ ಮಾಡಿ, ಸಾಲಿನ ಅಂಚಿನಲ್ಲೊಂದು ಹಿಡಿಕೆ ಇಟ್ಟು ಅದನ್ನು ಮುಟ್ಟಿದಾಗ ಎಳೆತ ಶುರುಮಾಡಿ.

ಆ್ಯಕ್ಷನ್ ಮೋಡ್‌ನ ಶೀರ್ಷಿಕೆಯಲ್ಲಿ ‘3 ಖರ್ಚುಗಳು’ ಎಂದು ತೋರಿಸಲು, ಸಂಖ್ಯೆಗೆ ತಕ್ಕ ವಾಕ್ಯ ಆರಿಸುವ ಪ್ಲೂರಲ್ಸ್ ಸಂಪನ್ಮೂಲ ಬಳಸುತ್ತೇವೆ. ಕನ್ನಡದ ನಿಯಮದಲ್ಲಿ ಏಕವಚನದ ವರ್ಗಕ್ಕೆ 1 ಮಾತ್ರವಲ್ಲ, 0 ಕೂಡ ಸೇರುತ್ತದೆ. ಇಂಗ್ಲಿಷಿನಲ್ಲಿ ಹಾಗಿಲ್ಲ. ಏಕವಚನದ ವಾಕ್ಯದಲ್ಲಿ ‘1 ಖರ್ಚು’ ಎಂದು ಅಂಕಿಯನ್ನೇ ಬರೆದುಬಿಟ್ಟರೆ ಸೊನ್ನೆ ಇದ್ದಾಗಲೂ ‘1 ಖರ್ಚು’ ಎಂದೇ ಕಾಣುತ್ತದೆ. ಅಂಕಿಯ ಜಾಗದಲ್ಲಿ ಫಾರ್ಮ್ಯಾಟ್ ಗುರುತನ್ನೇ (%d) ಇಡಿ.

ಪರದೆಯಲ್ಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಬಳಸುವವರು ಒತ್ತಿ ಹಿಡಿಯಲು ಎರಡು ಸಲ ತಟ್ಟಿ, ಎರಡನೆಯದನ್ನು ಹಿಡಿದುಕೊಳ್ಳಬೇಕು. ಆದರೆ ಈ ಸಾಲನ್ನು ಒತ್ತಿ ಹಿಡಿದರೆ ಏನಾಗುತ್ತದೆ ಎಂದು ಅವರಿಗೆ ಹೇಳುವವರು ಯಾರು? ಸಾಲಿಗೆ ‘ಆರಿಸು’ ಎಂಬ ಆ್ಯಕ್ಸೆಸಿಬಿಲಿಟಿ ಆ್ಯಕ್ಷನ್ ಸೇರಿಸಿ, ಅದರಿಂದಲೂ ಐಡಿಯನ್ನು ಸೇರಿಸುವ ಅಥವಾ ತೆಗೆಯುವ ಅದೇ ಟಾಗಲ್ ಫಂಕ್ಷನ್ ಕರೆಯಿರಿ. ಆಯ್ದ ಸಾಲನ್ನು ಬಣ್ಣದಿಂದ ಮಾತ್ರ ಗುರುತಿಸದೆ ಎಡಗಡೆ ಒಂದು ಟಿಕ್ ಚಿಹ್ನೆಯನ್ನೂ ತೋರಿಸಿ. ಬಿಸಿಲಿನಲ್ಲಿ ನಿಂತು ಫೋನ್ ನೋಡುವವರಿಗೂ ತಿಳಿನೀಲಿ ಹಿನ್ನೆಲೆ ಕಾಣುವುದಿಲ್ಲ.