ಕಾರ್ಮಿಕ ಸ್ವ-ಆಡಳಿತ: ದಿನೇಶ್ ಬೀಡಿಯನ್ನು ಇಟ್ಟುಕೊಂಡು ಓದೋಣ

ಕಾಸರಗೋಡಿನವರಾದ ನಮಗೆ 'ಸ್ವಯಂಭರಣ' (ಸ್ವ-ಆಡಳಿತಕ್ಕೆ ಮಲಯಾಳಂ ಪದ) ಅಂದ ಕೂಡಲೇ ನೆನಪಾಗುವುದು ಪಂಚಾಯತ್ ಆಫೀಸು. ಮಲಯಾಳಂ ಬೋರ್ಡುಗಳನ್ನು ಓದಿ ಓದಿ ಹಾಗಾಗಿದೆ. ಪಠ್ಯದಲ್ಲಿ ಬರುವ 'ಕಾರ್ಮಿಕ ಸ್ವ-ಆಡಳಿತ' ಬೇರೆ. ಕೆಲಸ ಮಾಡುವವರೇ ಆ ಕೆಲಸದ ಜಾಗವನ್ನು ನಡೆಸುವುದು ಅಂತ ಅದರ ಅರ್ಥ. ಲಾಭವನ್ನು ಏನು ಮಾಡಬೇಕು, ಮೇಲ್ವಿಚಾರಣೆ ಯಾರಿಗೆ ಕೊಡಬೇಕು ಎಂಬುದನ್ನೆಲ್ಲ ಅವರೇ ತೀರ್ಮಾನಿಸುತ್ತಾರೆ, ಇಲ್ಲವೇ ಅವರು ಓಟು ಹಾಕಿ ಆರಿಸಿದವರು ತೀರ್ಮಾನಿಸುತ್ತಾರೆ.

ಪುಸ್ತಕಗಳಲ್ಲಿ ಯುಗೊಸ್ಲಾವಿಯದ ಉದಾಹರಣೆ ಸಿಗುತ್ತದೆ. ಅಲ್ಲಿ 1950ರಲ್ಲಿ ಕಾನೂನನ್ನೇ ಮಾಡಿ ಕಾರ್ಖಾನೆಗಳನ್ನು ಕಾರ್ಮಿಕರ ಮಂಡಳಿಗಳಿಗೆ ವಹಿಸಿದರು. ಪರೀಕ್ಷೆಗೆ ಅಷ್ಟು ಸಾಕು. ಅರ್ಥವಾಗಬೇಕಾದರೆ ನಮ್ಮ ಪಕ್ಕದ ಕಣ್ಣೂರೇ ಒಳ್ಳೆಯದು.

ಬೀಡಿ ಕಾರ್ಮಿಕರಿಗೆ ರಜೆ, ಕೆಲಸದ ಹೊತ್ತು ಇತ್ಯಾದಿ ಸಿಗಲಿ ಅಂತ 1966ರಲ್ಲಿ ಕೇಂದ್ರದ ಕಾನೂನು ಬಂತು. 1968ರಲ್ಲಿ ಕೇರಳ ಅದನ್ನು ಜಾರಿ ಮಾಡಲು ಹೊರಟಾಗ ಮಂಗಳೂರಿನ ದೊಡ್ಡ ಬೀಡಿ ಕಂಪನಿಗಳು ಇಲ್ಲಿನ ಕೆಲಸ ನಿಲ್ಲಿಸಿ ಗಡಿಯಾಚೆ ಹೋದವು. ಸಾವಿರಾರು ಜನರ ಕೈಯಲ್ಲಿ ಕೆಲಸವಿಲ್ಲ. ಆಗ ಸರ್ಕಾರದ ಹಣದ ಸಹಾಯದಿಂದ 1969ರಲ್ಲಿ ಕೇರಳ ದಿನೇಶ್ ಬೀಡಿ ಸಹಕಾರ ಸಂಘ ಹುಟ್ಟಿತು. ಕಾಸರಗೋಡು ಅಂದು ಕಣ್ಣೂರು ಜಿಲ್ಲೆಯೊಳಗೇ ಇತ್ತು. ನಮ್ಮದು ಬೇರೆ ಜಿಲ್ಲೆಯಾದದ್ದು 1984ರಲ್ಲಿ.

ಇದರ ರಚನೆಯನ್ನು ಸರಿಯಾಗಿ ನೋಡಿ. ಬೀಡಿ ಕಟ್ಟುವುದು ಊರೂರಿನ ಪ್ರಾಥಮಿಕ ಸಂಘಗಳಲ್ಲಿ. ಕಟ್ಟುವವರೇ ಅದರ ಸದಸ್ಯರು, ನಿರ್ದೇಶಕರನ್ನು ಆರಿಸುವವರೂ ಅವರೇ. ಎಲೆ, ಹೊಗೆಸೊಪ್ಪು ಕೊಳ್ಳುವುದು, ಬೀಡಿ ಮಾರುವುದು ಕಣ್ಣೂರಿನ ಕೇಂದ್ರ ಸಂಘದ ಕೆಲಸ. ಒಂದೊಂದು ಊರಿನವರು ಬೇರೆ ಬೇರೆಯಾಗಿ ಸೊಪ್ಪು ಕೊಳ್ಳಲು ಹೋಗಿದ್ದರೆ ವ್ಯಾಪಾರಿಗಳು ಸುಮ್ನೆ ಬಿಡುತ್ತಿದ್ದರಾ? ಒಬ್ಬ ಪೇಪರು ಓದುವುದು, ಉಳಿದವರು ಕೇಳುತ್ತಾ ಬೀಡಿ ಕಟ್ಟುವುದು ಆ ಕಡೆಯ ಹಳೇ ಪದ್ಧತಿ. ಓದುವವನ ಪಾಲಿನ ಬೀಡಿಯನ್ನು ಬೇರೆಯವರು ಕಟ್ಟಿಕೊಡುತ್ತಿದ್ದರು. ಓಟಿಗಿಂತ ಇದೇ ಮುಖ್ಯ ಅಂತ ನನಗನಿಸುತ್ತದೆ. ಲೆಕ್ಕ, ರಾಜಕೀಯ ಏನೂ ಗೊತ್ತಿಲ್ಲದವರ ಕೈಗೆ ಓಟು ಕೊಟ್ಟರೆ ಸಂಘ ಯಾರೋ ನಾಲ್ಕು ಜನರ ಪಾಲಾಗುತ್ತದೆ, ಅಲ್ವಾ?

ಹಾಗಂತ ಮಾರುಕಟ್ಟೆ ಇವರ ಮಾತು ಕೇಳಲಿಲ್ಲ. ಬೀಡಿ ಸೇದುವವರು ಕಮ್ಮಿಯಾದರು. ಸಂಘ ತೆಂಗಿನ ಹಾಲು, ಕೊಡೆ, ಬಟ್ಟೆಗಳ ಕಡೆಗೆ ತಿರುಗಬೇಕಾಯಿತು.

ಈಗ ಜಾಸ್ತಿ ಗೊಂದಲವಾಗುವ ಜಾಗ. ಸಹಕಾರ ಸಂಘವೆಲ್ಲಾ ಕಾರ್ಮಿಕ ಸ್ವ-ಆಡಳಿತ ಅಲ್ಲ. ಕ್ಯಾಂಪ್ಕೊ ನೋಡಿ. 1973ರಲ್ಲಿ ಕರ್ನಾಟಕ, ಕೇರಳದ ಅಡಿಕೆ ಬೆಳೆಗಾರರು ಸೇರಿ ಕಟ್ಟಿದ್ದು. ನಮ್ಮಲ್ಲಿ ಅಡಿಕೆ ತೋಟವಿರುವ ಎಷ್ಟೋ ಮನೆಗಳಲ್ಲಿ ಅದರ ಸದಸ್ಯರಿದ್ದಾರೆ. ಆದರೆ ಪುತ್ತೂರಿನ ಅದರ ಚಾಕೊಲೇಟ್ ಕಾರ್ಖಾನೆಯಲ್ಲಿ ದುಡಿಯುವವರು ಸಂಬಳದ ನೌಕರರು. ಅಲ್ಲಿ ಆಡಳಿತ ಬೆಳೆಗಾರರದ್ದು. ಸಂಘ ಒಳ್ಳೆಯದೇ, ಹೆಸರು ಮಾತ್ರ ಬೇರೆ: ಬೆಳೆಗಾರರ ಸಹಕಾರ ಸಂಘ.

ಸಂವಿಧಾನದ 43ಎ ವಿಧಿಯನ್ನೂ ಇದಕ್ಕೆ ಬೆರೆಸಬೇಡಿ. 1976ರ 42ನೇ ತಿದ್ದುಪಡಿಯಲ್ಲಿ ಸೇರಿದ ಆ ವಿಧಿ ಹೇಳುವುದು ಆಡಳಿತದಲ್ಲಿ ಕಾರ್ಮಿಕರು ಭಾಗವಹಿಸಬೇಕು ಅಂತ. ಭಾಗವಹಿಸುವವರಿಗೆ ಮೀಟಿಂಗಿನಲ್ಲಿ ಒಂದು ಕುರ್ಚಿ ಸಿಗುತ್ತದೆ. ಮಾಲೀಕನ ಕುರ್ಚಿ ಮಾತ್ರ ಅಲ್ಲೇ ಇರುತ್ತದೆ.