ದನಿ ಕುಗ್ಗಿದ ಆಂಪ್: ಮೊದಲು ಜ್ಯಾಕ್ ನೋಡಿ, ಆಮೇಲೆ ವಾಲ್ವ್

ಜುಲೈ ತಿಂಗಳ ಒಂದು ಸಂಜೆ. ಕಾರವಾರದಲ್ಲಿ ಬೆಳಗಿನಿಂದ ಮಳೆ ಬಿಟ್ಟಿರಲಿಲ್ಲ. ಸದಾಶಿವಗಡದ ಹುಡುಗನೊಬ್ಬ ಪ್ಲಾಸ್ಟಿಕ್ ಹಾಳೆ ಸುತ್ತಿದ ಗಿಟಾರ್ ಆಂಪನ್ನು ಆಟೋದಲ್ಲಿ ಹೇರಿಕೊಂಡು ನನ್ನ ಅಂಗಡಿಗೆ ಬಂದ. 15 ವ್ಯಾಟಿನ ಟ್ಯೂಬ್ ಆಂಪ್, ಅಂದರೆ ಟ್ರಾನ್ಸಿಸ್ಟರಿನ ಬದಲು ಗಾಜಿನ ಟ್ಯೂಬುಗಳಿಂದ (ಹಳಬರ ಮಾತಿನಲ್ಲಿ ವಾಲ್ವ್) ಗಿಟಾರಿನ ದನಿ ದೊಡ್ಡದು ಮಾಡುವ ಆಂಪ್ಲಿಫೈಯರ್. ಚರ್ಚಿನ ಹಬ್ಬಕ್ಕೆ, ಮದುವೆಗಳಿಗೆ ಬಾರಿಸುವ ತಂಡ ಅವನದು.

"ಅಣ್ಣಾ, ದನಿಯೇ ಏಳ್ತಾ ಇಲ್ಲ. ಪೂರ್ತಿ ತಿರುಗಿಸಿದ್ರೂ ಪಿಸುಗುಟ್ಟಿದ ಹಾಗೆ ಬರ್ತದೆ" ಅಂದ. ಆಮೇಲೆ ಚೀಲದಿಂದ ಒಂದು ಡಬ್ಬಿ ತೆಗೆದ, ಒಳಗೆ ಹಳೆಯ ಟ್ಯೂಬುಗಳು. ಐದೂ ಟ್ಯೂಬ್ ಹೊಸದು ತರಿಸಿ ಹಾಕಿದ್ದನಂತೆ. ಎರಡು ದಿನ ಚೆನ್ನಾಗಿ ಬಾರಿಸಿತು, ಮೂರನೇ ದಿನ ಮತ್ತೆ ಅದೇ.

ಈ ಕತೆಯನ್ನು ನಾನು ಪ್ರತಿ ಮಳೆಗಾಲದಲ್ಲೂ ಕೇಳುತ್ತೇನೆ. ದನಿ ಕಡಿಮೆಯಾಯಿತು ಅಂದ ಕೂಡಲೇ ಎಲ್ಲರ ಕೈ ಟ್ಯೂಬಿಗೇ ಹೋಗುತ್ತದೆ. ನಮ್ಮ ಕರಾವಳಿಯಲ್ಲಿ ಅದು ಹೆಚ್ಚಿನ ಸಲ ತಪ್ಪು ಜಾಗ.

ಯಾಕೆ ಅಂತ ಒಂದು ಲೆಕ್ಕ ಹೇಳುತ್ತೇನೆ. ಆಂಪಿನ ಪವರ್ ಅರ್ಧಕ್ಕೆ ಇಳಿದರೆ, ಅಂದರೆ 15 ವ್ಯಾಟ್ ಇದ್ದದ್ದು ಏಳೂವರೆ ಆದರೆ, ಅದು ಬರೀ 3 ಡೆಸಿಬಲ್ ವ್ಯತ್ಯಾಸ. ಗಮನವಿಟ್ಟು ಕೇಳಿದರಷ್ಟೇ ಗೊತ್ತಾಗುತ್ತದೆ. ಕಿವಿಗೆ 'ದನಿ ಅರ್ಧ ಆಯ್ತು' ಅನಿಸಬೇಕಾದರೆ ಪವರ್ ಸುಮಾರು ಹತ್ತರಲ್ಲಿ ಒಂದು ಪಾಲಿಗೆ ಬೀಳಬೇಕು. ವರ್ಷಗಟ್ಟಲೆ ಬಾರಿಸಿ ಸವೆದ ಟ್ಯೂಬ್ ನಿಧಾನವಾಗಿ ಮಂಕಾಗುತ್ತದೆ. ರಾತ್ರಿ ಬೆಳಗಾಗುವುದರೊಳಗೆ ದನಿಯನ್ನು ಪಿಸುಮಾತಿಗೆ ಇಳಿಸುವುದು ಕಡಿಮೆ. ದನಿ ಹಾಗೆ ದಿಢೀರನೆ ಬಿದ್ದಿದ್ದರೆ, ಸಿಗ್ನಲ್ ಹೋಗುವ ದಾರಿಯಲ್ಲೇ ಎಲ್ಲೋ ಅಡ್ಡಿ ಬಂದಿರುತ್ತದೆ ಅಂತ ನಾನು ಮೊದಲು ಯೋಚಿಸುತ್ತೇನೆ.

ಹಾಗಾಗಿ ಸ್ಕ್ರೂ ಡ್ರೈವರ್ ಮುಟ್ಟುವ ಮೊದಲು ಗಿಟಾರಿನ ವೈರ್ ಬದಲಿಸಿ ನೋಡಿ. ದನಿಯ ರೂಪ ಬದಲಿಸಲು ಕಾಲಡಿ ಇಟ್ಟುಕೊಳ್ಳುವ ಪೆಡಲುಗಳನ್ನೆಲ್ಲ ಬಿಟ್ಟು ಗಿಟಾರನ್ನು ನೇರವಾಗಿ ಆಂಪಿಗೆ ಕೊಡಿ. ಹೈ, ಲೋ ಅಂತ ಎರಡು ಇನ್‌ಪುಟ್ ಇದ್ದರೆ ಹೈಗೇ ಹಾಕಿ. ಎಷ್ಟೋ ಆಂಪುಗಳಲ್ಲಿ ಲೋ ಇನ್‌ಪುಟ್ ಸಿಗ್ನಲನ್ನು ಅರ್ಧ ಮಾಡಿಯೇ ಒಳಗೆ ಬಿಡುತ್ತದೆ. ಸ್ಪೀಕರಿನ ಎರಡು ವೈರ್ ಗಟ್ಟಿಯಾಗಿ ಕೂತಿವೆಯಾ ನೋಡಿ, ಆದರೆ ಆಂಪ್ ಆಫ್ ಮಾಡಿಕೊಂಡೇ. ಸ್ಪೀಕರ್ ಇಲ್ಲದೆ ಟ್ಯೂಬ್ ಆಂಪ್ ಬಾರಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟು ಹೋಗಬಹುದು. ಆಂಪಿನಲ್ಲಿ ಅದೇ ದುಬಾರಿ ಸಾಮಾನು.

ಈಗ ಆಂಪಿನ ಹಿಂಬದಿಗೆ ಬನ್ನಿ. ಅಲ್ಲಿ ಸೆಂಡ್, ರಿಟರ್ನ್ ಅಂತ ಎರಡು ಜ್ಯಾಕ್, ಅಂದರೆ ವೈರಿನ ಪಿನ್ ಚುಚ್ಚುವ ತೂತು, ಇವೆಯಾ? ಅದನ್ನು ಎಫೆಕ್ಟ್ಸ್ ಲೂಪ್ ಅನ್ನುತ್ತಾರೆ, ಆಂಪಿನ ನಡುವೆ ಪೆಡಲ್ ಸೇರಿಸುವ ಜಾಗ. ಗಿಟಾರಿನ ಸಣ್ಣ ಸಿಗ್ನಲನ್ನು ಮೊದಲು ಹೆಚ್ಚಿಸುವ ಭಾಗ ಪ್ರೀಆಂಪ್, ಕೊನೆಗೆ ಸ್ಪೀಕರಿಗೆ ಬಲ ಕೊಡುವ ಭಾಗ ಪವರ್ ಆಂಪ್. ಪ್ರೀಆಂಪಿನಿಂದ ಹೊರಟ ಸಿಗ್ನಲ್ ಈ ಜ್ಯಾಕುಗಳನ್ನು ದಾಟಿಯೇ ಪವರ್ ಆಂಪಿಗೆ ಹೋಗಬೇಕು. ನೀವು ಏನನ್ನೂ ಚುಚ್ಚದೇ ಇದ್ದಾಗ ರಿಟರ್ನ್ ಜ್ಯಾಕಿನ ಒಳಗೆ ಒಂದು ಸಣ್ಣ ತಗಡಿನ ಎಲೆ ಇನ್ನೊಂದಕ್ಕೆ ತಾಗಿಕೊಂಡು ದಾರಿ ಕೂಡಿಸುತ್ತದೆ. ಇಡೀ ಆಂಪಿನ ದನಿ ಆ ಒಂದು ತಾಗುವಿಕೆಯ ಮೇಲೆ ನಿಂತಿದೆ. ಲೂಪನ್ನು ಬಳಸದವರ ಆಂಪಿನಲ್ಲಿ ಆ ಎಲೆ ವರ್ಷಗಟ್ಟಲೆ ಅಲುಗುವುದೇ ಇಲ್ಲ. ಕಡಲಿನ ಉಪ್ಪುಗಾಳಿ, ಜೂನ್‌ನಿಂದ ಸೆಪ್ಟೆಂಬರ್ ತನಕದ ತೇವ, ಎರಡೂ ಸೇರಿ ಅಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಕಿಲುಬು ಕಟ್ಟುತ್ತದೆ. ಗಿಟಾರಿನ ಸಿಗ್ನಲ್ ಆ ಪದರವನ್ನು ದಾಟಲು ಒದ್ದಾಡುತ್ತದೆ.

ಇದಕ್ಕೆ ಒಂದು ಗುರುತು ಇದೆ. ಮೆಲ್ಲಗೆ ಬಾರಿಸಿದರೆ ದನಿ ಸತ್ತ ಹಾಗಿರುತ್ತದೆ, ತಂತಿಯನ್ನು ಜೋರಾಗಿ ಹೊಡೆದಾಗ ಪಟಕ್ಕನೆ ತೆರೆದುಕೊಳ್ಳುತ್ತದೆ. ಆಂಪಿನ ತಲೆಗೆ ಒಂದು ತಟ್ಟಿದರೆ ಸರಿಯಾಗಿ, ಆಮೇಲೆ ಮತ್ತೆ ಇಳಿಯುತ್ತದೆ.

ಪರೀಕ್ಷೆಗೆ ಎರಡೂ ತುದಿಗೆ ಪಿನ್ ಇರುವ ಒಂದು ಗಿಡ್ಡ ಪ್ಯಾಚ್ ವೈರ್ ಸಾಕು. ಸೆಂಡಿನಿಂದ ರಿಟರ್ನಿಗೆ ಚುಚ್ಚಿ. ದನಿ ವಾಪಸ್ ಬಂತೋ, ಕಳ್ಳ ಸಿಕ್ಕಿದ. ಆ ವೈರ್ ಹಾಗೇ ಇಟ್ಟುಕೊಂಡು ಅವತ್ತಿನ ಕಾರ್ಯಕ್ರಮವನ್ನೂ ಮುಗಿಸಬಹುದು. ನಿಮ್ಮ ಲೂಪಿಗೆ ಮಿಕ್ಸ್ ಅನ್ನುವ ನಾಬ್ ಇದ್ದರೆ ಮಾತ್ರ ಅದರ ಜೋಡಣೆ ಬೇರೆ, ಈ ಪರೀಕ್ಷೆ ಅದಕ್ಕೆ ಹೊಂದುವುದಿಲ್ಲ.

ಪ್ಯಾಚ್ ವೈರಿನಿಂದ ಏನೂ ಬದಲಾಗದಿದ್ದರೂ ಅದೇ ಎರಡು ಜ್ಯಾಕ್ ಇನ್ನೊಂದು ಉಪಕಾರ ಮಾಡುತ್ತವೆ. ಸೆಂಡಿನಿಂದ ವೈರ್ ಎಳೆದು ಬೇರೊಂದು ಆಂಪಿಗೆ ಕೊಡಿ. ಅಲ್ಲಿ ಗಟ್ಟಿಯಾಗಿ ಕೇಳಿದರೆ ನಿಮ್ಮ ಪ್ರೀಆಂಪ್ ಸರಿಯಿದೆ, ತೊಂದರೆ ಮುಂದಿದೆ. ಆಮೇಲೆ ಮೊಬೈಲಿನ ಹಾಡನ್ನು ರಿಟರ್ನಿಗೆ ಕೊಡಿ, ಫೋನಿನ ದನಿ ಸಣ್ಣದಾಗಿಟ್ಟು ಶುರುಮಾಡಿ. ಹಾಡು ತುಂಬಿಕೊಂಡು ಬಂದರೆ ಪವರ್ ಆಂಪ್, ಸ್ಪೀಕರ್ ಸರಿಯಿವೆ. ಹತ್ತು ನಿಮಿಷದಲ್ಲಿ ಅರ್ಧ ಆಂಪನ್ನು ಅನುಮಾನದಿಂದ ಬಿಟ್ಟುಬಿಡಬಹುದು. ನನ್ನ ಕೆಲಸದಲ್ಲಿ ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದ ವಿದ್ಯೆ ಬೇರೆ ಇಲ್ಲ.

ಇಷ್ಟಾದ ಮೇಲೆ ಟ್ಯೂಬ್. ನಮ್ಮಪ್ಪ ವಾಲ್ವ್ ರೇಡಿಯೊ ರಿಪೇರಿ ಮಾಡುತ್ತಿದ್ದರು. ನಾನಿನ್ನೂ ಬಾಯಿತಪ್ಪಿ ವಾಲ್ವ್ ಅಂತಲೇ ಅನ್ನುತ್ತೇನೆ. ಬೆಂಗಳೂರಿನ ಬಿಇಎಲ್ ಕಾರ್ಖಾನೆಯಲ್ಲಿ ಆಗ ತಯಾರಾಗುತ್ತಿದ್ದ ಇಎಲ್84 ಅನ್ನುವ ವಾಲ್ವ್ ಅಂಥ ಎಷ್ಟೋ ರೇಡಿಯೊಗಳಲ್ಲಿ ಸ್ಪೀಕರಿಗೆ ದನಿ ಕೊಡುತ್ತಿತ್ತು. ಈ ಹುಡುಗನ ಆಂಪಿನಲ್ಲೂ ಕೊನೆಯ ಎರಡು ಅದೇ ಇಎಲ್84. ಉಳಿದ ಮೂರು 12ಎಎಕ್ಸ್7 ಅನ್ನುವ ಸಣ್ಣ ಟ್ಯೂಬ್. ಒಳಗಿನ ಬೆಳ್ಳಿ ಬಣ್ಣದ ಲೇಪ ಹಾಲಿನ ಹಾಗೆ ಬೆಳ್ಳಗಾಗಿದ್ದರೆ ಟ್ಯೂಬಿಗೆ ಗಾಳಿ ಹೊಕ್ಕಿದೆ, ಅದು ಹೋಯಿತು. ದೀಪ ಹತ್ತದಿದ್ದರೂ ಅಷ್ಟೇ. ಇಲ್ಲವಾದರೆ ಚೆನ್ನಾಗಿರುವ ಒಂದೇ ಒಂದು 12ಎಎಕ್ಸ್7 ಇಟ್ಟುಕೊಂಡು ಮೂರೂ ಜಾಗಕ್ಕೆ ಒಂದೊಂದಾಗಿ ಹಾಕಿ ನೋಡಿ. ಪ್ರತಿ ಸಲ ಆಫ್ ಮಾಡಿ, ತಣಿಯಲು ಬಿಟ್ಟು. ಐದನ್ನೂ ಕೊಳ್ಳಬೇಕಾಗಿಲ್ಲ. ಜೋಡಿ ಇಎಲ್84ರಲ್ಲಿ ಒಂದು ಸತ್ತರೆ ದನಿ ತೆಳ್ಳಗಾಗಿ ಒಡೆಯುತ್ತದೆ, ಜೊತೆಗೆ ಗುಂಯ್ ಅನ್ನುವ ಸದ್ದೂ ಜಾಸ್ತಿಯಾಗುತ್ತದೆ.

ಹೊಸ ಟ್ಯೂಬ್ ಹಾಕಿದ ಮೇಲೆ ಎರಡು ದಿನ ಸರಿಯಾಗುವ ಮರ್ಮ ಕೂಡ ಕಿಲುಬಿನದೇ. ಟ್ಯೂಬ್ ಕಿತ್ತು ಇನ್ನೊಂದನ್ನು ಒತ್ತಿದಾಗ ಸಾಕೆಟ್ಟಿನ ಹಿಡಿತಗಳು ಉಜ್ಜಿ ಹೊಳಪಾಗುತ್ತವೆ. ಹಳೆಯದನ್ನೇ ತೆಗೆದು ಹಾಕಿದ್ದರೂ ಅಷ್ಟೇ ಗುಣ ಸಿಗುತ್ತಿತ್ತು. ಈ ಹುಡುಗ ಇನ್ನೊಂದು ಮಾಡಿದ್ದ. ಕೇಳಿದ ಮೇಲೆ ನೆನಪಿಸಿಕೊಂಡ: ಹೊಸ ಟ್ಯೂಬಿನ ಖುಷಿಗೆ ಡಿಲೇ ಪೆಡಲನ್ನು ಲೂಪಿಗೆ ಹಾಕಿ ನೋಡಿ ತೆಗೆದಿದ್ದ. ಪಿನ್ ಹೋಗಿ ಬಂದದ್ದೇ ಜ್ಯಾಕಿನ ಎಲೆಯನ್ನು ಉಜ್ಜಿತ್ತು. ಮಳೆಗೆ ಎರಡೇ ದಿನದಲ್ಲಿ ಅದು ಮತ್ತೆ ಮಂಕಾಯಿತು.

ಕರೆಂಟಿನ ವಿಷಯ ಘಟ್ಟದ ಮೇಲಿನವರಿಗೆ. ಶಿರಸಿ ಕಡೆಯ ತೋಟದ ಮನೆಯೊಂದರಿಂದ ಬಂದ ಆಂಪ್ ನನ್ನ ಅಂಗಡಿಯಲ್ಲಿ ಎಂಟು ದಿನ ಚೆನ್ನಾಗಿ ಬಾರಿಸಿತು, ಮನೆಗೆ ಹೋದರೆ ಮಂಕು. ಸಂಜೆ ಅಲ್ಲಿ ವೋಲ್ಟೇಜ್ 180ಕ್ಕೆ ಇಳಿಯುತ್ತಿತ್ತು. 230ಕ್ಕೆ ಮಾಡಿದ ಆಂಪಿಗೆ 180 ಕೊಟ್ಟರೆ ಟ್ಯೂಬನ್ನು ಒಳಗಿಂದ ಕಾಯಿಸುವ ಹೀಟರಿಗೆ 6.3 ವೋಲ್ಟಿನ ಬದಲು 5 ವೋಲ್ಟ್ ಕೂಡ ಸಿಗುವುದಿಲ್ಲ. ಅದಕ್ಕೆ ಸ್ಟೆಬಿಲೈಜರ್ ಹಾಕಿಸಿದೆ, ಆಂಪನ್ನು ಮುಟ್ಟಲಿಲ್ಲ.

ಇನ್ನು ಒಳಗಿನ ಕೆಲಸ. ಟ್ಯೂಬಿನ ಪ್ಲೇಟ್ ಅನ್ನುವ ಕಾಲಿಗೆ ಕರೆಂಟ್ ಕೊಡುವ 100 ಕಿಲೋ ಓಮ್ ರೆಸಿಸ್ಟರ್ ಕಡಿದಿರಬಹುದು, ಪವರ್ ಟ್ಯೂಬಿನ ಸ್ಕ್ರೀನ್ ರೆಸಿಸ್ಟರ್ ಸುಟ್ಟಿರಬಹುದು, ಬೆಸುಗೆ ಬಿರುಕು ಬಿಟ್ಟಿರಬಹುದು. 12ಎಎಕ್ಸ್7ರ ಪ್ಲೇಟಿನಲ್ಲಿ ಸಾಮಾನ್ಯವಾಗಿ 150ರಿಂದ 200 ವೋಲ್ಟ್ ಕಾಣುತ್ತದೆ. ಸೊನ್ನೆ ಕಂಡರೆ ಕರೆಂಟ್ ಅಲ್ಲಿಗೆ ತಲುಪಿಲ್ಲ. ಸಪ್ಲೈಯಷ್ಟೇ ಕಂಡರೆ ಟ್ಯೂಬ್ ಕೆಲಸ ಮಾಡುತ್ತಿಲ್ಲ. ಇದನ್ನು ಬರೆಯುತ್ತಿರುವುದು ನಿಮ್ಮ ರಿಪೇರಿಯವರು ಹೇಳಿದ್ದು ಅರ್ಥವಾಗಲಿ ಅಂತ. ದಯವಿಟ್ಟು ನೀವೇ ಬಿಚ್ಚಬೇಡಿ. ಒಳಗೆ 300 ವೋಲ್ಟಿಗೂ ಮೇಲೆ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳು ಅದನ್ನು ಹಿಡಿದಿಟ್ಟುಕೊಂಡಿರುತ್ತವೆ, ಮುಟ್ಟಿದರೆ ಜೀವ ಹೋಗಬಹುದು. ಈ ಕೆಲಸ ಕಲಿತ ನಾನೂ ರೆಸಿಸ್ಟರ್ ಹಿಡಿದು ಅವುಗಳನ್ನು ಖಾಲಿ ಮಾಡಿ, ಮೀಟರಿನಲ್ಲಿ ಸೊನ್ನೆ ನೋಡಿದ ಮೇಲೆಯೇ ಕೈ ಹಾಕುತ್ತೇನೆ.

ನೀವು ಮಾಡಬಹುದಾದ ಕೆಲಸ ಬೇರೆ ಇದೆ. ತಿಂಗಳಿಗೊಮ್ಮೆ ಆಂಪ್ ಆಫ್ ಇರುವಾಗ ಪ್ರತಿ ಜ್ಯಾಕಿಗೂ ಒಣಗಿದ ಪಿನ್ನನ್ನು ಹತ್ತು ಸಲ ಚುಚ್ಚಿ ತೆಗೆಯಿರಿ. ಕಾಂಟ್ಯಾಕ್ಟ್ ಕ್ಲೀನರನ್ನು ಪಿನ್ನಿಗೆ ಸ್ವಲ್ಪ ಹಚ್ಚಿಕೊಂಡರೆ ಇನ್ನೂ ಒಳ್ಳೆಯದು. ಗೇಟಿನ ತುಕ್ಕಿಗೆ ಹೊಡೆಯುವ ಎಣ್ಣೆ ಸ್ಪ್ರೇ ಬೇಡ, ಅದು ಧೂಳು ಹಿಡಿಯುತ್ತದೆ. ಮಳೆಗಾಲದಲ್ಲಿ ಬಾರಿಸುವ ಕೆಲಸ ಇಲ್ಲದಿದ್ದರೂ ವಾರಕ್ಕೊಮ್ಮೆ ಅರ್ಧ ಗಂಟೆ ಆನ್ ಮಾಡಿ ಗಿಟಾರ್ ಬಾರಿಸಿ. ಟ್ಯೂಬಿನ ಬಿಸಿಗೆ ಒಳಗಿನ ತೇವ ಆರುತ್ತದೆ. ಆಂಪ್ ಪೂರ್ತಿ ತಣಿದ ಮೇಲೆ ಬಟ್ಟೆ ಮುಚ್ಚಿ, ಪ್ಲಾಸ್ಟಿಕ್ ಬೇಡ.

ಹುಡುಗನ ಆಂಪಿಗೆ ರಿಟರ್ನ್ ಜ್ಯಾಕ್ ಹೊಸದು ಹಾಕಿದೆ. ಎಲೆಯ ಬಿಗಿತ ಸಡಿಲಾಗಿತ್ತು, ಬರೀ ಒರೆಸಿ ಕೊಟ್ಟಿದ್ದರೆ ಗಣೇಶನ ಹಬ್ಬದ ಹೊತ್ತಿಗೆ ಮತ್ತೆ ಬರುತ್ತಿದ್ದ. ಅವನು ತೆಗೆದಿಟ್ಟಿದ್ದ ಹಳೆಯ ಐದೂ ಟ್ಯೂಬನ್ನು ಒಂದೊಂದಾಗಿ ಹಾಕಿ ನೋಡಿದೆ. ಐದೂ ಚೆನ್ನಾಗಿದ್ದವು. "ತಮ್ಮಾ, ಇವು ನಿನಗೆ ಇನ್ನೂ ನಾಲ್ಕೈದು ವರ್ಷಕ್ಕೆ ಆಗ್ತವೆ" ಅಂತ ಹೇಳಿ, ಪೇಪರಿನಲ್ಲಿ ಸುತ್ತಿ ಅದೇ ಡಬ್ಬಿಯಲ್ಲಿಟ್ಟು ಅವನ ಕೈಗೆ ಕೊಟ್ಟೆ.