ಕಾಂಡ್ಲದ ಉಸಿರು ಉಬ್ಬರ-ಇಳಿತದ ಕೈಯಲ್ಲಿ

ಅಳಿವೆಯ ಉಪ್ಪು ಕೆಸರಿನಲ್ಲಿ ಬೆಳೆಯುವ ಕಾಂಡ್ಲವನ್ನು (ಮ್ಯಾಂಗ್ರೋವ್) ಕಡಿದರಷ್ಟೇ ಸಾಯುತ್ತದೆ ಎಂದು ನಂಬಿದವರೇ ಹೆಚ್ಚು. ಕೊಡಲಿ ಮುಟ್ಟಿಸದೆಯೂ ಇಡೀ ತೋಪನ್ನು ಕೊಲ್ಲಬಹುದು. ಬುಡಕ್ಕೆ ಒಂದಡಿ ಮಣ್ಣು ಸುರಿದರೆ ಸಾಕು.

ಕರಾವಳಿಯ ಕೋಡಿ ಬೆಂಗ್ರೆಯಲ್ಲೋ ಸಸಿಹಿತ್ಲುವಿನಲ್ಲೋ ಇಳಿತದ ಹೊತ್ತಿಗೆ ಅಳಿವೆಯ ಕೆಸರು ಕೆದಕಿದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಅದು ಗಲೀಜಲ್ಲ. ಆ ಕಪ್ಪು ಕೆಸರಿನ ಒಳಗೆ ಆಮ್ಲಜನಕವಿಲ್ಲದ್ದರಿಂದ ಬ್ಯಾಕ್ಟೀರಿಯಾಗಳು ಕಡಲ ನೀರಿನ ಸಲ್ಫೇಟ್ ಬಳಸಿ ಬದುಕುತ್ತವೆ, ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಅಂಥಲ್ಲಿ ಬೇರು ಉಸಿರಾಡುವುದು ಹೇಗೆ?

ಉಪ್ಪಟಿ ಎಂಬ ಕಾಂಡ್ಲ ಮರದ ಸುತ್ತ ಪೆನ್ಸಿಲ್ ನಾಟಿದಂತೆ ಗೇಣುದ್ದದ ಬೇರುಗಳು ಮೇಲೆದ್ದಿರುತ್ತವೆ. ಅವುಗಳ ಮೈತುಂಬ ಸಣ್ಣ ರಂಧ್ರಗಳು. ಗಾಳಿಗೆ ದಾರಿಯುಂಟು, ನೀರಿಗೆ ಇಲ್ಲ. ಉಬ್ಬರದಲ್ಲಿ ಬೇರು ಮುಳುಗಿದಾಗ ಒಳಗಿನ ಆಮ್ಲಜನಕ ಖರ್ಚಾಗುತ್ತದೆ. ಹುಟ್ಟಿದ ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಸುಲಭವಾಗಿ ಕರಗಿ ಹೋಗುತ್ತದೆ. ಒಳಗಿನ ಒತ್ತಡ ಕುಸಿಯುತ್ತದೆ. ನೀರು ಇಳಿದು ಬೇರಿನ ತುದಿ ಬಯಲಾದೊಡನೆ ಹೊರಗಿನ ಗಾಳಿ ಒಳನುಗ್ಗುತ್ತದೆ. ಇಂಕ್ ಫಿಲ್ಲರಿನ ರಬ್ಬರ್ ಒತ್ತಿ ಬಿಟ್ಟಾಗ ಶಾಯಿ ಏರುವುದಿಲ್ಲವೇ, ಹಾಗೆ. ಕಮ್ಮಾರನ ತಿದಿ ಎಂದರೂ ಸರಿ, ಆದರೆ ಇಲ್ಲಿ ತಿದಿ ಒತ್ತುವ ಕೈ ಚಂದ್ರನದು! ಮರಕ್ಕೆ ಸ್ನಾಯುವಿಲ್ಲ, ಆದರೂ ದಿನಕ್ಕೆ ಎರಡು ಬಾರಿ ಎದೆತುಂಬ ಉಸಿರೆಳೆಯುತ್ತದೆ.

1955ರಲ್ಲಿ ವಿಜ್ಞಾನಿ ಪರ್ ಶೋಲಾಂಡರ್ ಮತ್ತು ಸಂಗಡಿಗರು ಕಾಂಡ್ಲದ ಊರುಗೋಲಿನಂಥ ಬೇರುಗಳ ರಂಧ್ರಗಳಿಗೆ ಗ್ರೀಸ್ ಮೆತ್ತಿ ನೋಡಿದರು. ಎರಡೇ ದಿನಗಳಲ್ಲಿ ಬೇರಿನೊಳಗಿನ ಆಮ್ಲಜನಕ ಶೇ. 2ರ ಆಸುಪಾಸಿಗೆ ಬಿತ್ತು. ಗದ್ದೆ ತುಂಬಿಸಲು ತಂದ ಮಣ್ಣೂ ಬೇರಿಗೆ ಸುತ್ತಿಕೊಂಡ ಪ್ಲಾಸ್ಟಿಕ್ಕೂ ಮಾಡುವುದು ಇದೇ ಗ್ರೀಸಿನ ಕೆಲಸವನ್ನು.

ಅಂದಹಾಗೆ, ಒಂದು ಕಾಂಡ್ಲ ಜಾತಿಯ ವೈಜ್ಞಾನಿಕ ಹೆಸರು ಕಾಂಡೇಲಿಯಾ. 17ನೇ ಶತಮಾನದ ಕೊನೆಗೆ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾದ ‘ಹೋರ್ಟಸ್ ಮಲಬಾರಿಕಸ್’ ಎಂಬ ಮಲಬಾರಿನ ಸಸ್ಯಗಳ ಗ್ರಂಥ ದಾಖಲಿಸಿದ ‘ಕಂಡಲ್’ ಎಂಬ ಮಲಯಾಳ ಹೆಸರೇ ಲ್ಯಾಟಿನ್ ಉಡುಪು ತೊಟ್ಟದ್ದು. ಕರಾವಳಿಯ ಮಾತು ಜಗತ್ತಿನ ಸಸ್ಯಶಾಸ್ತ್ರಕ್ಕೆ ಹೋಗಿ ಕುಳಿತಿದೆ.

ಬೇರುಗಳ ಸಂದಿಯಲ್ಲಿ ದೊಡ್ಡ ಮೀನು ನುಗ್ಗಲಾರದು. ಸಿಗಡಿ ಮರಿಗಳಿಗೆ ಅದೇ ರಕ್ಷೆ. ಏಡಿಗಳು ಬಿಲ ತೋಡಿ ಕೆಸರಿನೊಳಗೆ ಗಾಳಿ ಇಳಿಸುತ್ತವೆ. ಏಡಿ ಮಾರಿ ಬದುಕುವವರಿಗೂ ಕಾಂಡ್ಲದ ಉಸಿರಿಗೂ ಇಷ್ಟು ಹತ್ತಿರದ ನಂಟು.

ನೆಡುವವರು ಮಾಡುವ ದೊಡ್ಡ ತಪ್ಪು, ಸದಾ ನೀರು ನಿಲ್ಲುವ ಕಡೆ ನೆಡುವುದು. ಅಲ್ಲಿ ಎಳೆಯ ಕಾಂಡಕ್ಕೆ ಬಾರ್ನಕಲ್ ಎಂಬ ಸಣ್ಣ ಕಡಲಜೀವಿಗಳ ಚಿಪ್ಪುಗಳು ಅಂಟಿ, ಭಾರಕ್ಕೆ ಗಿಡ ಬಾಗುತ್ತದೆ. ಹಳೆಯ ಕಾಂಡ್ಲ ನಿಂತ ಮಟ್ಟದಲ್ಲೇ ನೆಡಬೇಕು. ಊರುಗೋಲು ಬೇರಿನ ಕಾಂಡ್ಲವಾದ ರೈಜೋಫೋರಾದ ಬೀಜ ಮರದಲ್ಲೇ ಮೊಳೆತು ನುಗ್ಗೆಕಾಯಿಯಂತೆ ತೂಗುತ್ತದೆ. ಕಾಯಿಯೂ ಮೊಳಕೆಯೂ ಕೂಡುವಲ್ಲಿನ ಕೊರಳಪಟ್ಟಿ ಹಳದಿಯಾದ ಮೇಲೆ ಕೊಯ್ದು, ತೂತಾದದ್ದನ್ನು ಬಿಸಾಡಿ, ಚೂಪು ತುದಿ ಕೆಳಗಾಗುವಂತೆ ಮೂರನೇ ಒಂದು ಭಾಗವನ್ನು ಕೆಸರಿಗೆ ಊರಿದರೆ ಆಯಿತು. ನಡುವೆ ಒಂದೂವರೆ ಮೀಟರ್ ಅಂತರವಿರಲಿ.

ಒಡ್ಡು ಕಟ್ಟಲೇಬೇಕಾದರೆ ಮೋರಿಯ ತಳ ತೋಡಿನ ತಳಕ್ಕೆ ಸಮನಾಗಿರಬೇಕು. ಮೇಲಿದ್ದರೆ ಇಳಿತದಲ್ಲೂ ಒಳಗಿನ ನೀರು ಖಾಲಿಯಾಗದು, ಬೇರುಗಳ ತುದಿ ಗಾಳಿ ಕಾಣದು. ಈಗಾಗಲೇ ಮಣ್ಣು ಬಿದ್ದಿದ್ದರೆ, ಎಲೆ ಹಳದಿಯಾಗುವವರೆಗೆ ಕಾಯದೆ ಸಲಿಕೆ ಮತ್ತು ಕೈಯಿಂದಲೇ ತೆಗೆಯಬೇಕು. ಜೆಸಿಬಿಯ ಹಲ್ಲು ಮಣ್ಣಿನ ಜೊತೆ ಉಸಿರುಬೇರುಗಳನ್ನೂ ಕಿತ್ತುಕೊಂಡು ಬರುತ್ತದೆ.